ತುತ್ತು ಮತ್ತು ಹೊತ್ತು

ಮೇಷ್ಟ್ರು: ನಿನ್ನ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ ಕಣಮ್ಮ. ತಂದೆತಾಯಿಗೂ ಮಗುವಿಗೂ ನೆರವಾಗುವ ಸೇವೆ ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, ನೂರು ಅಂಗನವಾಡಿಗಳೊಂದಿಗೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಬಸುರಿಯ ಹೆಸರು ಬರೆದುಕೊಳ್ಳುವುದರಿಂದ ಹಿಡಿದು ಚುಚ್ಚುಮದ್ದು, ತೂಕ, ಮೊಟ್ಟೆ, ಹಾಲು, ಅಕ್ಷರದ ತನಕ ಎಲ್ಲವೂ ಆ ಒಂದು ಕೋಣೆಯ ಸುತ್ತಲೇ ನಡೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುತ್ತಾರೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲಂತೂ ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಆಹಾರ ಯಾರ ದಯೆಯೂ ಅಲ್ಲ, ಹಕ್ಕು. ಇಷ್ಟಿದ್ದೂ ಕೂಸುಗಳನ್ನು ಹಗಲು ಹೊತ್ತು ನೋಡಿಕೊಳ್ಳಲು ಇನ್ನೊಂದು ವ್ಯವಸ್ಥೆ ಬೇಕು ಅನ್ನುತ್ತೀಯಾದರೆ, ಇರುವುದರಲ್ಲಿ ಕೊರತೆ ಏನು ಅಂತ ಮೊದಲು ಹೇಳು.

ಶಿಷ್ಯೆ: ಇರುವುದನ್ನು ನಾನು ಹಗುರ ಮಾಡುತ್ತಿಲ್ಲ ಮೇಷ್ಟ್ರೇ. ಅಂಗನವಾಡಿ ಇಲ್ಲದ ಕರ್ನಾಟಕ ಇದಕ್ಕಿಂತ ಎಷ್ಟೋ ಕಷ್ಟದಲ್ಲಿರುತ್ತಿತ್ತು. ಆದರೆ ಆ ಕೋಣೆಯೊಳಗೆ ಹಗಲು ಹೊತ್ತು ಕೂತಿರುವ ಮಕ್ಕಳು ಯಾರು ಅಂತ ನೋಡಿ. ಮೂರು ತುಂಬಿದವರು. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸು ದಾಖಲೆ ಪುಸ್ತಕದಲ್ಲಿದೆ, ತೂಕದ ದಿನ ಬರುತ್ತದೆ, ಚುಚ್ಚುಮದ್ದಿನ ದಿನ ಬರುತ್ತದೆ, ಮಿಕ್ಕ ದಿನ ಅದರ ಪಾಲಿನ ಆಹಾರ ಪೊಟ್ಟಣವಾಗಿ ಮನೆಗೆ ಹೋಗುತ್ತದೆ. ಪೊಟ್ಟಣ ಕೊಡುವವರು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ: ಮನೆಯಲ್ಲಿ ಒಬ್ಬರು ಇದ್ದಾರೆ, ಅವರಿಗೆ ಒಲೆ ಹಚ್ಚಲು ಪುರುಸೊತ್ತಿದೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ವೇಳೆ ಇದೆ. ಒಂದು ವರ್ಷದ ಕೂಸಿಗೆ ರಾಗಿ ಸರಿ ಉಣಿಸುವುದನ್ನು ಹತ್ತಿರದಿಂದ ನೋಡಿದರೆ ಆ ಲೆಕ್ಕ ಎಲ್ಲಿ ತಪ್ಪುತ್ತದೆ ಅಂತ ತಿಳಿಯುತ್ತದೆ. ಮೊದಲ ತುತ್ತನ್ನು ನಾಲಿಗೆಯಲ್ಲಿ ಹೊರಗೆ ತಳ್ಳುತ್ತದೆ. ಎರಡನೆಯದನ್ನು ನುಂಗುತ್ತದೆ. ಮೂರನೆಯದಕ್ಕೆ ಬಾಯಿ ಬಿಡದೆ ಕಾಗೆ ನೋಡುತ್ತದೆ. ಸರಿ ಆರಿ ಗಟ್ಟಿಯಾಗುತ್ತದೆ, ಬಿಸಿನೀರು ಬೆರೆಸಿ ಮತ್ತೆ ಕದಡಬೇಕು. ಸಣ್ಣ ಬಟ್ಟಲು ಖಾಲಿಯಾಗುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಅದರ ಹೊಟ್ಟೆ ಪುಟ್ಟದು, ಒಮ್ಮೆಗೇ ತುಂಬಿಸಿಡಲು ಬರುವುದಿಲ್ಲ. ಒಂಬತ್ತು ತಿಂಗಳು ದಾಟಿದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ತಿಂಡಿ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗ್ಗೆ ಏಳಕ್ಕೆ ಕಳೆ ಕೀಳಲು ಹೋಗಿ ಸಂಜೆ ಐದಕ್ಕೆ ಬರುವ ತಾಯಿಯ ಮನೆಯಲ್ಲಿ ಆ ನಾಲ್ಕು ಸಲ ಎಲ್ಲಿಂದ ಬರಬೇಕು? ತುತ್ತು ಮನೆ ಸೇರಿದೆ, ತುತ್ತು ಇಡುವ ಹೊತ್ತು ಸೇರಿಲ್ಲ. ನಾನು ಹೇಳುವ ಕೊರತೆ ಇದೊಂದೇ.

ಮೇಷ್ಟ್ರು: ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಿಬಿಡಬೇಡ. ಮಗು ಸೊರಗುವುದಕ್ಕೆ ನೂರು ಕಾರಣ. ಚಿಕ್ಕ ವಯಸ್ಸಿಗೆ ಮದುವೆ, ತಾಯಿಗೇ ರಕ್ತಹೀನತೆ, ಕುಡಿಯುವ ನೀರು ಕೆಟ್ಟದ್ದು, ಮೇಲಿಂದ ಮೇಲೆ ಭೇದಿ, ಕೊಂಡು ತಿನ್ನಲು ಕಾಸಿಲ್ಲದಿರುವುದು. ಇವನ್ನೆಲ್ಲ ಬಿಟ್ಟು ಸಮಯ ಸಾಲದು ಅಂತ ಹೇಳಿದರೆ, ಬಡತನವನ್ನು ಗಡಿಯಾರದ ಸಮಸ್ಯೆ ಮಾಡಿದ ಹಾಗಾಗುತ್ತದೆ.

ಶಿಷ್ಯೆ: ಆ ಕಾರಣಗಳು ಯಾವುವೂ ಸುಳ್ಳಲ್ಲ. ಆದರೂ ಎರಡು ಅಂಕಿ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇಕಡ 36.2. 2019-21ರ ಸಮೀಕ್ಷೆಯಲ್ಲಿ 35.4. ನಡುವಿನ ವರ್ಷಗಳಲ್ಲಿ ಬಸುರಿಯರಿಗೆ ಊಟ ಬಂತು, ತೂಕದ ಲೆಕ್ಕ ಮೊಬೈಲಿಗೂ ಬಂತು. ಅಂಕಿ ಒಂದು ಪಾಯಿಂಟ್ ಕೂಡ ಪೂರ್ತಿ ಇಳಿಯಲಿಲ್ಲ. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ: ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿರುವುದು ಇಡೀ ದೇಶದಲ್ಲಿ ನೂರಕ್ಕೆ ಹನ್ನೊಂದು ಮಂದಿಗೆ. ಬರೀ ಕಾಸಿಲ್ಲದ್ದೇ ಕಾರಣವಾಗಿದ್ದರೆ ಮಿಕ್ಕ ಎಂಬತ್ತೊಂಬತ್ತು ಮಕ್ಕಳ ಮನೆಗಳೂ ಉಪವಾಸದ ಮನೆಗಳಾಗಿರಬೇಕಿತ್ತು. ಹಾಗಿಲ್ಲ. ಅನ್ನ ಬೇಯುವ ಮನೆಯಲ್ಲೂ ಕೂಸಿನ ಊಟ ಹಿಂದೆ ಬೀಳುತ್ತದೆ, ಏಕೆಂದರೆ ದೊಡ್ಡವರ ಊಟದ ಹೊತ್ತಿಗೆ ಅದಕ್ಕೆ ಹಸಿವಿಲ್ಲ, ಅದಕ್ಕೆ ಹಸಿವಾದ ಹೊತ್ತಿಗೆ ದೊಡ್ಡವರು ಮನೆಯಲ್ಲಿಲ್ಲ. ಎತ್ತರ ಕುಂದುವುದು ಬಹುಪಾಲು ಈ ಎರಡು ವರ್ಷದೊಳಗೇ. ಮೂರಕ್ಕೆ ಅಂಗನವಾಡಿಯ ಚಾಪೆ ಮೇಲೆ ಕೂರುವಷ್ಟರಲ್ಲಿ ಕಳೆದುಕೊಂಡದ್ದು ಕಳೆದುಹೋಗಿರುತ್ತದೆ.

ಇನ್ನು ಗಡಿಯಾರದ ಮಾತು. ಒಳ್ಳೆಯ ಯೋಜನೆಯೇ ಹೊತ್ತು ನೋಡದೆ ಸೋತ ಉದಾಹರಣೆ ನಮ್ಮಲ್ಲೇ ಇದೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಬಸುರಿಗೂ ಬಾಣಂತಿಗೂ ಮಧ್ಯಾಹ್ನ ಬಿಸಿಯೂಟ, ಅನ್ನ, ಸಾರು, ಮೊಟ್ಟೆ, ಲೋಟ ಹಾಲು, ಕಡಲೆಕಾಯಿ ಚಿಕ್ಕಿ. ತಟ್ಟೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅಂಗನವಾಡಿಗೆ ಬಂದೇ ಉಣ್ಣಬೇಕಿತ್ತು. ಮಲೆನಾಡಿನಲ್ಲಿ ಮನೆಯಿಂದ ಮನೆಗೇ ಒಂದು ಗುಡ್ಡ ಇಳಿದು ಹತ್ತಬೇಕು. ತುಂಬಿದ ಬಸುರಿ ಮಳೆಯಲ್ಲಿ ಅಷ್ಟು ದೂರ ನಡೆಯುವುದು ಹೇಗೆ? ಬಾಣಂತಿ ತಿಂಗಳುಗಟ್ಟಲೆ ಕೋಣೆ ಬಿಟ್ಟು ಹೊರಬರದ ಪದ್ಧತಿ ಇರುವ ಮನೆಯಲ್ಲಿ ಮಧ್ಯಾಹ್ನ ಅಂಗನವಾಡಿಗೆ ಬಾ ಅಂದರೆ ಯಾರು ಬರುತ್ತಾರೆ? ಕೂಲಿಗೆ ಹೋದವಳು ಹೊಲದಿಂದ ಎದ್ದು ಬಂದು ಉಂಡು ಹೋಗುವಷ್ಟರಲ್ಲಿ ಅರ್ಧ ದಿನದ ಕೂಲಿ ಹೋಗುತ್ತದೆ. ಊಟದ ಬಗ್ಗೆ ಯೋಚಿಸಿದವರು ಉಣ್ಣುವವಳ ದಿನ ಹೇಗೆ ಸಾಗುತ್ತದೆ ಅಂತ ಕೇಳಿರಲಿಲ್ಲ. ಮಗುವಿನ ವಿಷಯದಲ್ಲೂ ಆ ಪ್ರಶ್ನೆಯನ್ನು ನಾವು ಇನ್ನೂ ಕೇಳಿಲ್ಲ.

ಮೇಷ್ಟ್ರು: ಆಗಲಿ. ಆದರೆ ಆರು ತಿಂಗಳ ಕೂಸನ್ನು ತಾಯಿಯ ಮಡಿಲಿಂದ ಬಿಡಿಸಿ ಒಂದು ಕೇಂದ್ರಕ್ಕೆ ಹಾಕುವುದೇ ಪರಿಹಾರ ಅನ್ನುವುದಕ್ಕೆ ನನ್ನ ಮನಸ್ಸು ಒಗ್ಗುವುದಿಲ್ಲ. ಮಗು ಬೆಳೆಯುವುದು ಮನುಷ್ಯರ ಮೈ ಬಿಸಿಯಲ್ಲಿ, ಜೋಗುಳದಲ್ಲಿ, ಅಜ್ಜಿಯ ಕೈಯೆಣ್ಣೆಯಲ್ಲಿ. ಬಾಣಂತನವನ್ನು ತವರಲ್ಲಿ ಮಾಡಿ, ಎರೆದು, ಸೊಂಟ ಕಟ್ಟಿ ಕಳಿಸುವ ಕ್ರಮವೇ ನಮ್ಮ ಊರುಗಳ ಕುಟುಂಬ ಸೇವೆಯಾಗಿತ್ತು. ಅದನ್ನು ಬಲಪಡಿಸುವುದು ಬಿಟ್ಟು ಸರ್ಕಾರಿ ಕೋಣೆ ಕಟ್ಟಿದರೆ, ಇರುವ ಬಳಗವೂ ಕೈ ಬಿಡುತ್ತದೆ.

ಶಿಷ್ಯೆ: ತಾಯಿಯ ಮಡಿಲೋ ಕೇಂದ್ರವೋ ಅನ್ನುವ ಆಯ್ಕೆ ಇದ್ದಿದ್ದರೆ ನಾನೂ ಮಡಿಲನ್ನೇ ಆರಿಸುತ್ತಿದ್ದೆ ಮೇಷ್ಟ್ರೇ. ಕೂಲಿಯ ಮನೆಯಲ್ಲಿ ಆ ಆಯ್ಕೆ ಇಲ್ಲ. ಅಲ್ಲಿರುವುದು ಮೂರು ದಾರಿ: ಕೂಸನ್ನು ಬದುವಿನ ಮರಕ್ಕೆ ಸೀರೆ ಕಟ್ಟಿ ಜೋಲಿಯಲ್ಲಿ ಮಲಗಿಸುವುದು, ಎಂಟು ಹತ್ತು ವರ್ಷದ ಅಕ್ಕನ ಸೊಂಟಕ್ಕೆ ಏರಿಸುವುದು, ಇಲ್ಲವೇ ಬಾಗಿಲು ಮುಂದೆ ಮಾಡಿ ಪಕ್ಕದ ಮನೆಯವರಿಗೆ ಒಂದು ಕಣ್ಣಿಟ್ಟಿರಿ ಅಂತ ಹೇಳಿ ಹೋಗುವುದು. ಅಜ್ಜಿಯ ಮಾತು ಹೇಳಿದಿರಿ. ಹದಿನೆಂಟಕ್ಕೆ ಮದುವೆಯಾದವಳು ನಲವತ್ತಕ್ಕೆ ಅಜ್ಜಿ. ಅವಳೂ ಸೊಸೆಯ ಜೊತೆ ಅದೇ ಸಾಲಿನಲ್ಲಿ ಕಳೆ ಕೀಳುತ್ತಿರುತ್ತಾಳೆ. ಮನೆಯಲ್ಲಿ ಉಳಿದಿರುವ ಮುತ್ತಜ್ಜಿಗೆ ಕಣ್ಣು ಮಂಜು, ಮಂಡಿ ನೋವು. ಓಡುವ ಮಗುವಿನ ಹಿಂದೆ ಅವಳು ಓಡಲಾರಳು. ಕಲಬುರಗಿ, ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದವರ ಶೆಡ್ಡಿನಲ್ಲಿ ಅಜ್ಜಿಯೂ ಇಲ್ಲ, ತವರೂ ಇಲ್ಲ. ಅಲ್ಲಿ ಕೂಸನ್ನು ನೋಡಿಕೊಳ್ಳುವುದು ಅಕ್ಕ. ಅವಳ ಶಾಲೆ ನಿಲ್ಲುವುದು ಆ ಸೊಂಟದ ಭಾರದಿಂದ.

ಕಣ್ಣಿಲ್ಲದ ಹೊತ್ತು ಎಂಥ ಅಪಾಯ ಅನ್ನುವುದನ್ನು ಬಾಂಗ್ಲಾದೇಶದವರು ತುಂಬ ನೋವಿನಿಂದ ಕಲಿತರು. ಅಲ್ಲಿ ಮನೆ ಹಿಂದೆಯೇ ಕೊಳ. ಪುಟ್ಟ ಮಕ್ಕಳು ಅದರಲ್ಲಿ ಬಿದ್ದು ಸಾಯುವುದು ಹೆಚ್ಚಾಗಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ, ತಾಯಿ ಅಡುಗೆ, ನೀರು, ದನಕರು ಅಂತ ಮುಳುಗಿರುವ ಹೊತ್ತಿನಲ್ಲಿ ಅಂತ ಗೊತ್ತಾಯಿತು. ಆ ಹೊತ್ತಿಗೇ, ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಊರಿನ ಹೆಂಗಸೊಬ್ಬಳ ಮನೆಯಲ್ಲೇ ಮಕ್ಕಳನ್ನು ಕೂಡಿಸಿದರು. ಆಂಚಲ್ ಅಂತ ಹೆಸರು, ಅಂದರೆ ಸೆರಗು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹುಮಟ್ಟಿಗೆ ತಗ್ಗಿತು. ಶಾಲೆಗೆ ಹೋಗದ ವಯಸ್ಸಿನ ಮಕ್ಕಳಿಗೆ ಇಂಥ ಪಾಲನೆಯ ಜಾಗಗಳು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2014ರ ವರದಿಯಲ್ಲಿ ಸೂಚಿಸಿತು. ಆ ಅಪಾಯ ನಮಗೂ ದೂರವಲ್ಲ, ನಮ್ಮ ಹೊಲಗಳಲ್ಲಿ ಈಗ ಕೃಷಿ ಹೊಂಡಗಳಿವೆ. ಬಾಂಗ್ಲಾದೇಶದಲ್ಲಿ ಇದಕ್ಕೆಂದು ಹೊಸದಾಗಿ ಯಾವ ದೊಡ್ಡ ಕಟ್ಟಡವೂ ಏಳಲಿಲ್ಲ ಅನ್ನುವುದನ್ನು ಗಮನಿಸಿ. ಅವರು ಮಾಡಿದ್ದು ಯಾವ ಹೊತ್ತಿಗೆ ಕಣ್ಣು ಬೇಕೋ ಆ ಹೊತ್ತಿಗೆ ಒಂದು ಕಣ್ಣನ್ನು ಇಟ್ಟದ್ದು. ಬಳಗ ಕೈ ಬಿಡುತ್ತದೆ ಅಂದಿರಲ್ಲ, ಆ ಸೆರಗು ಹಾಸಿದ್ದು ಪಕ್ಕದ ಮನೆಯವಳೇ.

ಮೇಷ್ಟ್ರು: ಹಾಗಿದ್ದರೆ ದುಡ್ಡನ್ನೇ ತಾಯಿಯ ಕೈಗೆ ಕೊಡಬಹುದಲ್ಲ? ರಾಜ್ಯದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ ಎರಡು ಸಾವಿರ ಬರುತ್ತದೆ. ಮನೆಯಲ್ಲಿ ಉಳಿಯಬೇಕೋ, ಯಾರಿಗಾದರೂ ಕೊಟ್ಟು ನೋಡಿಸಿಕೊಳ್ಳಬೇಕೋ, ಅವಳೇ ತೀರ್ಮಾನಿಸಲಿ. ಅವಳ ಪರವಾಗಿ ನಾವು ಕೂತು ಯೋಚಿಸುವುದಕ್ಕಿಂತ ಅದು ಗೌರವದ ದಾರಿ.

ಶಿಷ್ಯೆ: ಗೌರವದ ದಾರಿ ಅನ್ನುವುದು ನಿಜ, ಆ ಎರಡು ಸಾವಿರ ಎಷ್ಟೋ ಮನೆಗಳಲ್ಲಿ ಔಷಧಿಯಾಗಿದೆ, ಶಾಲೆಯ ಚೀಲವಾಗಿದೆ. ಅದು ನಿಲ್ಲಬಾರದು. ಆದರೆ ದುಡ್ಡು ಕೊಳ್ಳುವುದು ಮಾರಾಟಕ್ಕಿರುವುದನ್ನು. ಹಳ್ಳಿಯಲ್ಲಿ ಕೂಸನ್ನು ನೋಡಿಕೊಳ್ಳುವ ಜಾಗ ಮಾರಾಟಕ್ಕಿಲ್ಲ. ಮನೆಯಲ್ಲೇ ಉಳಿಯಲಿ ಅಂದರೂ ಲೆಕ್ಕ ಕೂಡುವುದಿಲ್ಲ. 2025-26ರಲ್ಲಿ ಉದ್ಯೋಗ ಖಾತರಿಯ ಕೂಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ಸಾವಿರ ಅಂದರೆ ಐದೂವರೆ ದಿನದ ಕೂಲಿಗೂ ಸ್ವಲ್ಪ ಕಡಿಮೆ. ಚೊಚ್ಚಲು ಹೆರಿಗೆಗೆ ಕೇಂದ್ರದ ಮಾತೃವಂದನಾ ಯೋಜನೆ ಕೊಡುವುದು 5,000 ರೂಪಾಯಿ, ಅದೂ ಕಂತಿನಲ್ಲಿ. ಅದು ಹದಿಮೂರೂವರೆ ದಿನದ ಕೂಲಿ. ಆಫೀಸಿನಲ್ಲಿ ದುಡಿಯುವವಳಿಗೆ 2017ರ ತಿದ್ದುಪಡಿ 26 ವಾರಗಳ ಸಂಬಳದ ರಜೆ ಕೊಟ್ಟಿದೆ, ಕೊಡಬೇಕಾದ್ದೇ. ಆರು ತಿಂಗಳು ಬರೀ ಎದೆಹಾಲು ಕೊಡಿ ಅಂತ ಗೋಡೆ ಮೇಲೆ ಬರೆಸಿರುವುದು ಇಬ್ಬರಿಗೂ. ಆ ಆರು ತಿಂಗಳು ಮನೆಯಲ್ಲಿ ಕೂರುವ ಶಕ್ತಿ ಒಬ್ಬಳಿಗೆ ಇದೆ, ಇನ್ನೊಬ್ಬಳಿಗೆ ಹದಿಮೂರೂವರೆ ದಿನ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ ಮೇಷ್ಟ್ರೇ, ಬಚ್ಚಿಡುವುದಿಲ್ಲ.

ಮೇಷ್ಟ್ರು: ಸಿಟ್ಟು ಬರಲಿ, ತಪ್ಪಿಲ್ಲ. ಆದರೆ ಕೆಲಸ ಕೊಡುವವನ ಹೊಣೆ ಎಲ್ಲಿ ಹೋಯಿತು? ಕಾನೂನುಗಳು ಇವೆಯಲ್ಲ. ಅವನ್ನು ಜಾರಿ ಮಾಡಿಸುವುದು ಬಿಟ್ಟು ಎಲ್ಲವನ್ನೂ ಊರಿನ ತಲೆಗೆ, ಸರ್ಕಾರದ ತಲೆಗೆ ಯಾಕೆ ಕಟ್ಟುತ್ತೀಯ?

ಶಿಷ್ಯೆ: ಕಾನೂನು ಬೇಕಾದಷ್ಟು ಬಂದಿವೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಶಿಶುಪಾಲನಾ ಕೋಣೆ ಕಡ್ಡಾಯವಾಗಿತ್ತು. 1976ರಲ್ಲಿ ಐವತ್ತು ಹೆಂಗಸರ ಮಿತಿಯನ್ನು ಮೂವತ್ತಕ್ಕೆ ಇಳಿಸಿದರು. 1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳಿಗೂ ಅದನ್ನೇ ಹೇಳಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಐದು ಪುಟ್ಟ ಮಕ್ಕಳಿದ್ದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲೆಂದೇ ಬಿಡಬೇಕು ಅಂತ ಬರೆದಿತ್ತು. ಜಾರಿ ಮಾಡಿಸುವುದು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಈ ಕಾನೂನುಗಳ ಬೇರಿನಲ್ಲೇ ಒಂದು ತೊಡಕಿತ್ತು. ಬಹುಪಾಲು ಎಲ್ಲವೂ ತಲೆ ಎಣಿಸುತ್ತಿದ್ದವು, ಅದರಲ್ಲೂ ಹೆಂಗಸರ ತಲೆ. ಮೂವತ್ತೊಂದನೆಯ ಹೆಂಗಸನ್ನು ಸೇರಿಸಿಕೊಂಡರೆ ಖರ್ಚು ಅನ್ನುವ ಲೆಕ್ಕ ಬಂದ ಕೂಡಲೇ ಆ ಮೂವತ್ತೊಂದನೆಯವಳಿಗೆ ಕೆಲಸ ಸಿಗುತ್ತಿರಲಿಲ್ಲ, ಇಲ್ಲವೇ ಕಂಟ್ರಾಕ್ಟರನ ಪುಸ್ತಕದಲ್ಲಿ ಅವಳ ಹೆಸರು ಹೋಗುತ್ತಿತ್ತು. ಕೂಸು ಹೆಂಗಸಿನ ಖಾಸಗಿ ಹೊರೆ, ಅದಕ್ಕೆ ತಗಲುವ ವೆಚ್ಚ ಅವಳನ್ನು ಕೆಲಸಕ್ಕೆ ಇಟ್ಟುಕೊಂಡವನ ದಂಡ ಅನ್ನುವ ಎಣಿಕೆ ಅದರಲ್ಲಿತ್ತು. ಅಪ್ಪನ ತಲೆ ಆ ಎಣಿಕೆಯಲ್ಲಿ ಇರಲಿಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರ ಆರೈಕೆಗೆ ಹೊತ್ತು ಕೊಟ್ಟವರು 15ರಿಂದ 59ರ ವಯಸ್ಸಿನ ಹೆಂಗಸರಲ್ಲಿ ಶೇಕಡ 41, ಗಂಡಸರಲ್ಲಿ 21ರ ಸುಮಾರು. ಹಾಗೆ ಹೊತ್ತು ಕೊಟ್ಟ ಹೆಂಗಸಿಗೆ ದಿನಕ್ಕೆ 140 ನಿಮಿಷ, ಗಂಡಸಿಗೆ 74.

ಇನ್ನೂ ಒಂದು ಮಾತು. ಕೂಲಿಯವಳಿಗೆ ಇಂಥವನೇ ಯಜಮಾನ ಅಂತ ಇಲ್ಲ. ಸೋಮವಾರ ಒಬ್ಬರ ಈರುಳ್ಳಿ ಹೊಲ, ಬುಧವಾರ ಇನ್ನೊಬ್ಬರ ಹತ್ತಿ. ಮನೆಯಲ್ಲೇ ಬೀಡಿ ಕಟ್ಟುವವಳಿಗೆ, ಅಗರಬತ್ತಿ ಹೊಸೆಯುವವಳಿಗೆ ಯಜಮಾನ ಯಾರು ಅಂತ ಬೆರಳು ತೋರಿಸುವುದೇ ಕಷ್ಟ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೋಣೆ ಇದೆ ಅಂದುಕೊಳ್ಳಿ, ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿ ಒಂದು ವರ್ಷದ ಮಗುವನ್ನು ಹತ್ತು ಮೈಲಿ ಹೊತ್ತು ತರುವವಳು ಯಾರು? ಆದ್ದರಿಂದ ಕೂಸಿನ ಜಾಗ ಇರಬೇಕಾದದ್ದು ಕೂಸು ಇರುವ ಕೇರಿಯಲ್ಲಿ. ಅಮ್ಮನ ಕೆಲಸ ಬದಲಾದರೂ, ಕಂಟ್ರಾಕ್ಟರ್ ಓಡಿಹೋದರೂ, ಅವಳು ಆ ದಿನ ಜ್ವರದಿಂದ ಮಲಗಿದರೂ ಆ ಬಾಗಿಲು ತೆರೆದಿರಬೇಕು. ಯಜಮಾನರಿಂದ ಹಣ ತೆಗೆದುಕೊಳ್ಳಿ, ಕಟ್ಟಡ ಕಾರ್ಮಿಕರ ಸೆಸ್ ತೆಗೆದುಕೊಳ್ಳುವ ಹಾಗೆ. ಆದರೆ ಎಷ್ಟು ಹೆಂಗಸರು ಅಂತ ಎಣಿಸಿ ಅಲ್ಲ.

ಮೇಷ್ಟ್ರು: ಇದು ನನಗೆ ಹಿಡಿಸಿತು. ಆದರೆ ಈಗ ನನ್ನ ದೊಡ್ಡ ಅಳುಕು ಕೇಳು. ಕೇರಿಯ ಬಾಗಿಲು ಅಂದ ಕೂಡಲೇ ಎಲ್ಲರ ಬೆರಳು ಅಂಗನವಾಡಿ ಟೀಚರ್ ಕಡೆಗೆ ಹೋಗುತ್ತದೆ. ಈಗಾಗಲೇ ಅವರು ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಮಕ್ಕಳನ್ನು ನೋಡಬೇಕು, ಅಡುಗೆಯ ಲೆಕ್ಕ ಬರೆಯಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಬೇಕು, ಸರ್ವೆ, ಚುನಾವಣೆ ಅಂದರೆ ಅದಕ್ಕೂ ಹೋಗಬೇಕು. ಅವರಿಗೆ ಸಿಗುವುದಕ್ಕೆ ಸಂಬಳ ಅಂತಲೂ ಹೆಸರಿಲ್ಲ, ಗೌರವಧನ. ಗ್ರಾಚ್ಯುಟಿಗೆ ಅವರು ಅರ್ಹರು ಅಂತ ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಬೇಕಾಯಿತು. ಇಂಥವರ ಮುಂದೆ ಇನ್ನೂ ಹದಿನೈದು ಕೂಸುಗಳನ್ನು ಇಟ್ಟರೆ ಏನಾಗುತ್ತದೆ? ಒದ್ದೆ ಬಟ್ಟೆಯಲ್ಲೇ ಮಲಗಿರುವ, ಅತ್ತು ಅತ್ತು ಸುಮ್ಮನಾದ ಮಕ್ಕಳ ಕೋಣೆ ಆಗುತ್ತದೆ. ಕೆಟ್ಟ ಕೇಂದ್ರಕ್ಕಿಂತ ಅಕ್ಕನ ಸೊಂಟವೇ ಮೇಲು ಅಂತ ನಾನು ಹೇಳಿದರೆ ನೀನು ಏನನ್ನುತ್ತೀಯ?

ಶಿಷ್ಯೆ: ಕೆಟ್ಟ ಕೇಂದ್ರ ಬೇಡವೇ ಬೇಡ ಅನ್ನುತ್ತೇನೆ. ಈ ಅಳುಕು ಸರಿಯಾದದ್ದು, ಅದಕ್ಕೆ ತಲೆಬಾಗದೆ ಮುಂದೆ ಹೋಗಲು ಆಗುವುದಿಲ್ಲ. ಅಂಗನವಾಡಿ ಟೀಚರ್ ಮೇಲೆ ಇನ್ನೊಂದು ಹೊರೆ ಹಾಕುವುದಾದರೆ ನಾನು ಈ ವಾದವನ್ನೇ ಕೈಬಿಡುತ್ತೇನೆ. ಕೂಸುಗಳಿಗೆ ಬೇರೆಯೇ ಕೈಗಳು ಬೇಕು. ಮೂರರೊಳಗಿನ ಹತ್ತು ಮಕ್ಕಳಿಗಾದರೂ ಒಬ್ಬರು, ಜೊತೆಗೆ ಒಬ್ಬ ಸಹಾಯಕಿ. ಹತ್ತೇ ಹೆಚ್ಚು ಅಂತ ನನಗೆ ಅನ್ನಿಸುತ್ತದೆ. ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಅನ್ನುವ ವೈದ್ಯರ ಗುಂಪು ಫುಲ್ವಾರಿ ಅಂತ ನಡೆಸಿತು, ಅಂದರೆ ಹೂದೋಟ. ಕಾಡಂಚಿನ ಹಳ್ಳಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ, ಅದೇ ಊರಿನ ಹೆಂಗಸು ನೋಡಿಕೊಳ್ಳುವ ಜಾಗ. ಬಿಸಿ ಊಟ, ಎಣ್ಣೆ, ಮೊಟ್ಟೆ, ಆಟ. ಆಮೇಲೆ ಆ ರಾಜ್ಯ ಸರ್ಕಾರವೇ ಸರ್ಗುಜಾ ಕಡೆ ತಾಯಂದಿರು ಸರದಿಯ ಮೇಲೆ ನೋಡಿಕೊಳ್ಳುವ ಫುಲ್ವಾರಿಗಳನ್ನು ತೆರೆಯಿತು. ಒಡಿಶಾ, ಜಾರ್ಖಂಡಿನ ಹಳ್ಳಿಗಳಲ್ಲೂ ಇಂಥ ಕೇಂದ್ರಗಳ ಜೊತೆಗೆ ತಾಯಂದಿರ ಸಭೆ ನಡೆದಲ್ಲಿ ಕಡಿಮೆ ತೂಕದ ಮಕ್ಕಳ ಪ್ರಮಾಣ ಗಮನಾರ್ಹವಾಗಿ ಇಳಿದದ್ದು ದಾಖಲಾಗಿದೆ. ಅವರಿಗೂ ಅದೇ ಬಡತನ, ಅದೇ ನೀರು. ಹೊಸದಾಗಿ ಬಂದದ್ದು ಹಗಲು ಹೊತ್ತು ಉಣಿಸುವ ಒಂದು ಕೈ.

ನಮ್ಮಲ್ಲೂ 2023ರಿಂದ ಕೂಸಿನ ಮನೆ ಬಂತು. ಉದ್ಯೋಗ ಖಾತರಿಯ ತಾಯಂದಿರ ಮಕ್ಕಳಿಗೆ, ಗ್ರಾಮ ಪಂಚಾಯಿತಿಯ ಕೈಯಲ್ಲಿ, ನಾಲ್ಕು ಸಾವಿರ ತೆರೆಯುವ ಗುರಿಯೊಂದಿಗೆ. ಆ ಹೆಸರು ಇಟ್ಟವರಿಗೆ ನಾನು ಕೈ ಮುಗಿಯುತ್ತೇನೆ. ಕೇಂದ್ರ ಅನ್ನದೆ ಮನೆ ಅಂದರು. ಆದರೆ ಅದರ ಆರೈಕೆದಾರರ ಕೂಲಿಯನ್ನು ಉದ್ಯೋಗ ಖಾತರಿಗೇ ಗಂಟು ಹಾಕಿದರು. ಅಲ್ಲಿ ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಮಿತಿ ಇತ್ತು. ನೂರು ದಿನ ಮುಗಿದರೆ ಆರೈಕೆದಾರರು ಬದಲಾಗುತ್ತಿದ್ದರು. ಗುಂಡಿ ತೋಡುವ ಕೆಲಸಕ್ಕೆ ಈ ಸರದಿ ಸರಿ, ಇವತ್ತು ಇವರು ತೋಡಿದರು, ನಾಳೆ ಅವರು. ಕೂಸಿಗೆ ಅದು ಆಗುವುದಿಲ್ಲ. ಎಂಟು ತಿಂಗಳಿನ ಮಗು ಹೊಸ ಮುಖ ಕಂಡರೆ ಅಳುವ ವಯಸ್ಸಿನದು. ಆ ಮುಖಕ್ಕೆ ಒಗ್ಗಿ, ಅವಳ ಕೈಯಲ್ಲಿ ಉಣ್ಣಲು ಕಲಿತು, ಅವಳ ಹೆಗಲ ಮೇಲೆ ನಿದ್ದೆ ಮಾಡಲು ಶುರು ಮಾಡಿದ ಹೊತ್ತಿಗೆ ಅವಳು ಹೋಗಿಬಿಡುತ್ತಾಳೆ. ಇನ್ನೊಂದು ಯೋಜನೆಯ ಬಾಲಕ್ಕೆ ಕಟ್ಟಿದ್ದು ಆ ಯೋಜನೆ ಅಲುಗಿದಾಗಲೆಲ್ಲ ಅಲುಗುತ್ತದೆ. ಕೂಸನ್ನು ನೋಡಿಕೊಳ್ಳುವುದು ಅದರದೇ ಆದ ಉದ್ಯೋಗವಾಗಬೇಕು, ತರಬೇತಿ ಇರಬೇಕು, ವರ್ಷವಿಡೀ ಸಂಬಳ ಇರಬೇಕು. ಕೇಂದ್ರದ ರಾಷ್ಟ್ರೀಯ ಶಿಶುಪಾಲನಾ ಯೋಜನೆ 2017ರಲ್ಲಿ ಕಾರ್ಯಕರ್ತೆಗೆ ಗೊತ್ತು ಮಾಡಿದ್ದು ತಿಂಗಳಿಗೆ 3,000 ರೂಪಾಯಿ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ಭಾಗಿಸಿದರೆ ದಿನಕ್ಕೆ 115. ಆಗ ಇದೇ ರಾಜ್ಯದಲ್ಲಿ ಉದ್ಯೋಗ ಖಾತರಿಯಲ್ಲಿ ಮಣ್ಣು ಹೊರುವ ದಿನಗೂಲಿ 236. ಮಣ್ಣು ಹೊರುವುದರ ಅರ್ಧವೂ ಮಗು ಹೊರುವುದಕ್ಕಿಲ್ಲ ಅಂತ ದೇಶ ಬರೆದುಕೊಟ್ಟರೆ, ನೀವು ಹೇಳಿದ ಒದ್ದೆ ಬಟ್ಟೆಯ ಕೋಣೆಯೇ ಸಿಗುವುದು. ಅದು ಆ ಹೆಂಗಸಿನ ತಪ್ಪಲ್ಲ.

ಮೇಷ್ಟ್ರು: ಊರೂರಿಗೂ ಎರಡು ಸಂಬಳ, ಕೋಣೆ, ಊಟ. ಎಲ್ಲಿಂದ ತರುತ್ತೀಯ? ಎಷ್ಟೋ ಕಡೆ ಅಂಗನವಾಡಿಗೇ ಸ್ವಂತ ಕಟ್ಟಡ ಇಲ್ಲ. ನಾಲ್ಕು ಮಕ್ಕಳಿರುವ ಊರಿನಲ್ಲೂ ಕೂಸಿನ ಮನೆ ತೆರೆದರೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಶಿಷ್ಯೆ: ಎಲ್ಲ ಕಡೆ ಒಂದೇ ದಿನ ಬೇಡ. ಕೇಳಿದ ಕಡೆ ತೆರೆಯಲಿ. ಆ ದಾರಿಯನ್ನು ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲೇ ತೋರಿಸಿದೆ. ಅಂಗನವಾಡಿ ಇಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ ನಲವತ್ತು ಮಕ್ಕಳಿದ್ದು ಜನ ಕೇಳಿದರೆ ಮೂರು ತಿಂಗಳೊಳಗೆ ತೆರೆಯಬೇಕು ಅಂತ ಆದೇಶಿಸಿತು. ಹಾಗೆಯೇ ಎಂಟೋ ಹತ್ತೋ ಕೂಸುಗಳ ತಾಯಂದಿರು ಪಂಚಾಯಿತಿಗೆ ಬರೆದುಕೊಟ್ಟರೆ ಇಂತಿಷ್ಟು ದಿನದಲ್ಲಿ ತೆರೆಯಬೇಕು ಅನ್ನುವ ನಿಯಮ ಬರಲಿ. ಮಕ್ಕಳು ಕಡಿಮೆಯಾದ ಸರ್ಕಾರಿ ಶಾಲೆಗಳಲ್ಲಿ ಖಾಲಿ ಕೋಣೆಗಳಿವೆ, ಸಮುದಾಯ ಭವನಗಳಿವೆ. ಮೊದಲು ತೆರೆಯಬೇಕಾದದ್ದು ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳ ಪಕ್ಕ, ತೋಟದ ಲೈನ್‌ಮನೆಗಳ ಹತ್ತಿರ, ಗುಳೆ ಹೋಗುವ ತಾಲ್ಲೂಕುಗಳಲ್ಲಿ. ಇನ್ನು ಖರ್ಚು. ಈಗ ಖರ್ಚಾಗುತ್ತಿಲ್ಲ ಅಂತ ಅಂದುಕೊಂಡಿದ್ದೇವೆ. ಆಗುತ್ತಿದೆ, ಬೊಕ್ಕಸದ ಪುಸ್ತಕದಲ್ಲಿ ಕಾಣುವುದಿಲ್ಲ ಅಷ್ಟೇ. ಒಂದು ಹುಡುಗಿಯ ಐದನೆಯ ತರಗತಿಯಲ್ಲಿ ಆಗುತ್ತಿದೆ, ಒಬ್ಬ ತಾಯಿ ಹೋಗಲಾರದ ಕೂಲಿಯಲ್ಲಿ ಆಗುತ್ತಿದೆ, ಮೂರು ವರ್ಷ ಪೊಟ್ಟಣ ಕೊಟ್ಟೂ ಬೆಳೆಯದ ಮಗುವಿನ ಎತ್ತರದಲ್ಲಿ ಆಗುತ್ತಿದೆ. ಆ ಪೊಟ್ಟಣಕ್ಕೂ ಸರ್ಕಾರ ದುಡ್ಡು ಕೊಟ್ಟಿದೆಯಲ್ಲ ಮೇಷ್ಟ್ರೇ. ಉಣಿಸುವವರಿಲ್ಲದೆ ಅದನ್ನು ಮನೆಯ ದೊಡ್ಡವರೋ ದನವೋ ತಿಂದರೆ, ಅದು ಉಳಿತಾಯವೇ?

ಮೇಷ್ಟ್ರು: ಸರಿ, ಒಂದು ಬಾಗಿಲು ತೆರೆದೆ ಅಂದುಕೋ. ಎಷ್ಟು ಹೊತ್ತಿಗೆ ತೆರೆಯುತ್ತೀಯ, ಎಷ್ಟು ಹೊತ್ತಿಗೆ ಮುಚ್ಚುತ್ತೀಯ? ಬೆಂಗಳೂರಿನಿಂದ ಒಂದು ಸುತ್ತೋಲೆ ಬರುತ್ತದೆ, ಒಂಬತ್ತೂವರೆಗೆ ಬೀಗ ತೆಗೆಯಿರಿ ಅಂತ. ಆಗ ನಿನ್ನ ಇಷ್ಟೂ ವಾದ ಆ ಬೀಗದ ಮುಂದೆ ನಿಲ್ಲುತ್ತದೆ.

ಶಿಷ್ಯೆ: ಆ ಸುತ್ತೋಲೆಯೇ ಬೇಡ ಅನ್ನುತ್ತೇನೆ. ಮಹಿಳಾ ಗ್ರಾಮಸಭೆ ಅಂತ ಒಂದು ಇದೆಯಲ್ಲ, ಅಲ್ಲಿ ಈ ಒಂದೇ ಪ್ರಶ್ನೆ ಕೇಳಲಿ: ಮನೆ ಬಿಡುವುದು ಎಷ್ಟು ಹೊತ್ತಿಗೆ, ಬರುವುದು ಎಷ್ಟು ಹೊತ್ತಿಗೆ? ಊರಿಗೆ ಊರು ಬೇರೆ ಉತ್ತರ ಬರುತ್ತದೆ. ಕೊಡಗಿನಲ್ಲಿ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಚಳಿ ಬಿಡುವ ಮುಂಚೆಯೇ ಲೈನ್‌ಮನೆ ಖಾಲಿಯಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲೇರುವುದರೊಳಗೆ ಕೆಲಸ ಮುಗಿಸಬೇಕು ಅಂತ ಕತ್ತಲಿರುವಾಗಲೇ ಹೊರಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಬಂದುಬಿಡುತ್ತಾರೆ. ಗದ್ದೆ ನಾಟಿಯ ಹದಿನೈದು ದಿನ ಸಂಜೆ ಕತ್ತಲಾದರೂ ಯಾರೂ ಬರುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕೇರಿಯಲ್ಲಿ ಓವರ್‌ಟೈಮ್ ಇದ್ದ ದಿನ ಎಂಟು ಗಂಟೆ. ಮೀನು ಮಾರುವವರಿಗೆ ದೋಣಿ ಬಂದಾಗ. ಬೀಗದ ಕೈ ಪಂಚಾಯಿತಿಯಲ್ಲಿ ಇರಬಾರದು, ಆ ಕೂಸುಗಳನ್ನು ನೋಡಿಕೊಳ್ಳುವವಳ ಸೊಂಟದಲ್ಲಿರಬೇಕು. ಅವಳ ಮನೆ ಅದೇ ಬೀದಿಯಲ್ಲಿರಬೇಕು.

ಮೇಷ್ಟ್ರು: ಕತ್ತಲಿರುವಾಗಲೇ ಹೊರಡುವ ಊರಿನಲ್ಲಿ ಅವಳ ಸ್ವಂತ ಕೂಸನ್ನು ಯಾರು ನೋಡಬೇಕು ಅಂತ ಕೇಳೋಣ ಅಂತಿದ್ದೆ.

ಶಿಷ್ಯೆ: ಅದೂ ಅಲ್ಲೇ ಇರುತ್ತದೆ ಮೇಷ್ಟ್ರೇ, ಹತ್ತರಲ್ಲಿ ಒಂದಾಗಿ.